‘ಅಯ್ಯೋ ಪಾಪ’ ಅಂದವರು ಮ್ಯಾಚ್‌ಗೆ ಬರುವುದಿಲ್ಲ

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಚಿಕ್ಕ ಊರು. ನಮ್ಮ ಯುವಕ ಮಂಡಲ ಪ್ರತಿ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಡೆಸುತ್ತದೆ. ಕೆಲವು ವರ್ಷಗಳಿಂದ ಮಹಿಳಾ ವಿಭಾಗವನ್ನೂ ಸೇರಿಸಿದ್ದೇವೆ. ರಾತ್ರಿ ಪುರುಷರ ಪಂದ್ಯಗಳಿಗೆ ನಿಲ್ಲಲು ಜಾಗ ಇರುವುದಿಲ್ಲ. ಮಧ್ಯಾಹ್ನ ಹುಡುಗಿಯರು ಆಡುವಾಗ ಅವರ ಮನೆಯವರು, ಪಿಟಿ ಮೇಷ್ಟ್ರು ಬಿಟ್ಟರೆ ಯಾರೂ ಇಲ್ಲ. ಕಳೆದ ಸಲ ನಮ್ಮ ಊರಿನ ಒಬ್ಬ ರೈಡರ್ ಬಗ್ಗೆ ಇನ್‌ಸ್ಟಾಗ್ರಾಮ್‌ನಲ್ಲಿ ವಿಡಿಯೊ ಹಾಕಿದೆವು. ಅವಳಿಗಿನ್ನೂ ಹದಿನಾರು. ಬೀಡಿ ಕಟ್ಟುವ ತಾಯಿ, ಸೋರುವ ಮಾಡು, ಹರಿದ ಶೂ ಎಲ್ಲ ತೋರಿಸಿದೆವು. ಲೈಕ್ ರಾಶಿ ಬಂತು, ಮ್ಯಾಚ್‌ಗೆ ಜನ ಬರಲಿಲ್ಲ. ಮೇಲಿಂದ ಹುಡುಗಿಯ ತಂದೆ ‘ನಮ್ಮ ಮನೆ ಯಾಕೆ ತೋರಿಸಿದಿರಿ’ ಎಂದು ಬೇಸರ ಮಾಡಿಕೊಂಡರು. ಕೆಲವು ಕಮೆಂಟುಗಳಂತೂ ಹೇಳುವ ಹಾಗಿಲ್ಲ. ಮಂಡಲದ ಹಿರಿಯರು ‘ಹೆಂಗಸರ ಆಟದಲ್ಲಿ ಸ್ಪೀಡ್ ಇಲ್ಲ, ಜನ ಯಾಕೆ ಬರ್ತಾರೆ’ ಎನ್ನುತ್ತಾರೆ. ಪ್ರಾಯೋಜಕರೊಬ್ಬರು ‘ಹುಡುಗಿಯರಿಂದ ಡ್ಯಾನ್ಸ್ ರೀಲ್ಸ್ ಮಾಡಿಸಿ’ ಎನ್ನುತ್ತಾರೆ. ಇವರ ಕಥೆಯನ್ನು ಹೇಗೆ ಹೇಳಿದರೆ ಜನ ಬರುತ್ತಾರೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಜನ ಬರುತ್ತಿಲ್ಲ. ಇನ್ನೊಂದು, ಒಳ್ಳೆಯದು ಮಾಡಲು ಹೋಗಿ ಒಂದು ಮನೆಯವರ ಮನಸ್ಸು ನೋಯಿಸಿದೆವು. ನೀವು ಇವನ್ನು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಎರಡರ ಬೇರೂ ಒಂದೇ ಎನಿಸುತ್ತದೆ. ಆ ವಿಡಿಯೊದಲ್ಲಿ ಕಬಡ್ಡಿ ಎಷ್ಟು ಸೆಕೆಂಡ್ ಇತ್ತು, ಒಮ್ಮೆ ನೋಡಿ.

ಅದನ್ನು ನೋಡಿದವರು ‘ಅಯ್ಯೋ ಪಾಪ’ ಅಂದರು, ಹೃದಯದ ಗುರುತು ಒತ್ತಿದರು, ಮುಂದಿನ ವಿಡಿಯೊಗೆ ಹೋದರು. ಅವರ ಮಟ್ಟಿಗೆ ಆ ಕಥೆ ಅಲ್ಲಿಗೆ ಮುಗಿಯಿತು. ಆ ಹುಡುಗಿ ಬಲದಿಂದ ರೈಡ್‌ಗೆ ಹೋಗುತ್ತಾಳೋ ಎಡದಿಂದಲೋ, ಅವಳ ಕೈ ಚುರುಕೋ ಕಾಲು ಚುರುಕೋ, ಅವಳನ್ನು ಪ್ರತಿ ಸಲ ಹಿಡಿದು ಹಾಕುವ ಎದುರಾಳಿ ಯಾರು, ಮುಂದಿನ ಮ್ಯಾಚ್ ಯಾವತ್ತು? ಇದ್ಯಾವುದೂ ಅವರಿಗೆ ಗೊತ್ತಾಗಲಿಲ್ಲ. ಅಭಿಮಾನಿ ಅಂದರೆ ‘ಮುಂದೇನಾಗುತ್ತೆ’ ಎಂಬ ಪ್ರಶ್ನೆ ತಲೆಯಲ್ಲಿ ಉಳಿದವನು. ನಿಮ್ಮ ವಿಡಿಯೊ ಕರುಣೆ ಹುಟ್ಟಿಸಿತು, ಪ್ರಶ್ನೆ ಹುಟ್ಟಿಸಲಿಲ್ಲ.

ಇದು ನಿಮ್ಮ ಮಂಡಲವೊಂದರ ತಪ್ಪಲ್ಲ. ನಾನು ಕ್ರೀಡಾ ವರದಿಗಾರ್ತಿಯಾಗಿದ್ದವಳು, ಈಗ ತಂಡಗಳಿಗೆ ಪ್ರಚಾರದ ಕೆಲಸ ಮಾಡಿಕೊಡುತ್ತೇನೆ. ಸುದ್ದಿಮನೆಗಳಲ್ಲಿ ಮಹಿಳಾ ಆಟಗಾರರ ಬಗ್ಗೆ ಬರೆಯಲು ಒಂದು ಸಿದ್ಧ ಅಚ್ಚು ಇದೆ. ಬಡತನ, ಒಡವೆ ಅಡ ಇಟ್ಟ ಅಮ್ಮ, ಊರವರ ಕುಹಕ, ಕೊನೆಗೆ ಪದಕ. ಹೆಸರು ಬದಲಿಸಿದರೆ ಅದೇ ವರದಿ ಭಾರ ಎತ್ತುವವಳಿಗೂ ಸರಿ, ಕಬಡ್ಡಿ ಆಡುವವಳಿಗೂ ಸರಿ. ಕಾರ್ಕಳ ಕಡೆಯ ಮಮತಾ ಪೂಜಾರಿಯವರನ್ನೇ ತೆಗೆದುಕೊಳ್ಳಿ. 2012ರಲ್ಲಿ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ. ನಿಮ್ಮ ಭಾಗದಲ್ಲಿ ಅವರ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ಅವರು ಎದುರಾಳಿಯನ್ನು ಹೇಗೆ ಏಮಾರಿಸುತ್ತಿದ್ದರು ಅಂತ ಕೇಳಿ ನೋಡಿ. ಆಡಿದವರನ್ನು ಬಿಟ್ಟರೆ ಹೇಳುವವರು ಸಿಗುವುದು ಕಷ್ಟ.

ಇನ್ನು ನಿಮ್ಮ ಹಿರಿಯರ ‘ಸ್ಪೀಡ್ ಇಲ್ಲ’ ಎಂಬ ಮಾತು. ಇದರಲ್ಲಿ ನಿಜವೂ ಇದೆ, ಆದರೆ ಅದರಿಂದ ಅವರು ತೆಗೆಯುವ ತೀರ್ಮಾನ ತಪ್ಪು. ಪುರುಷರ ರೈಡ್‌ನಲ್ಲಿ ಬಲ, ವೇಗ ಜಾಸ್ತಿ, ಒಪ್ಪೋಣ. ಹಾಗಾದರೆ ಅವರಿಗೆ ಒಂದು ಪ್ರಶ್ನೆ ಕೇಳಿ. ನಿಮ್ಮ ಪಂದ್ಯಾಟಕ್ಕೆ ಬರುವ ಪುರುಷರ ತಂಡಗಳು ಪ್ರೊ ಕಬಡ್ಡಿಯ ತಂಡಗಳಿಗಿಂತ ನಿಧಾನ ಅಲ್ವಾ? ಮೊಬೈಲ್‌ನಲ್ಲಿ ಪ್ರೊ ಕಬಡ್ಡಿ ಸಿಗುವಾಗ ಜನ ಚಳಿಯಲ್ಲಿ ಬಂದು ಊರಿನ ಆಟ ಯಾಕೆ ನೋಡುತ್ತಾರೆ? ಆಡುವವನು ಯಾರು ಅಂತ ಅವರಿಗೆ ಗೊತ್ತು, ಅದಕ್ಕೆ. ಅವನು ಹೋದ ವರ್ಷ ಫೈನಲ್‌ನಲ್ಲಿ ಏನು ಮಾಡಿದ ಅಂತ ನೆನಪಿದೆ, ಅದಕ್ಕೆ.

ಹೆಂಗಸರ ಆಟ ನೋಡಲು ಜನ ಯಾವತ್ತೂ ಬಂದೇ ಇಲ್ಲ ಎನ್ನುವುದು ಇತಿಹಾಸ ನೋಡಿದರೆ ಸುಳ್ಳು. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ಎಂಬ ತಂಡದ ಫುಟ್‌ಬಾಲ್ ಪಂದ್ಯಕ್ಕೆ ಸುಮಾರು 53,000 ಜನ ಬಂದಿದ್ದರು. ಅದು ಫ್ಯಾಕ್ಟರಿ ಕೆಲಸದ ಹೆಂಗಸರು ಕಟ್ಟಿದ ತಂಡ. ಒಂದು ವರ್ಷದೊಳಗೆ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನದಲ್ಲಿ ಮಹಿಳೆಯರು ಆಡಬಾರದು ಎಂದು ನಿಷೇಧ ಹಾಕಿತು. ಅದು ಸುಮಾರು 50 ವರ್ಷ ಉಳಿಯಿತು. ಮೈದಾನ ಕಿತ್ತುಕೊಂಡ ಮೇಲೆ ಜನ ಕರಗಿದರು. ಆಮೇಲೆ ‘ನೋಡಿ, ಜನವೇ ಇಲ್ಲ’ ಎಂಬ ಮಾತು ಬಂತು! ಮತ್ತೆ ಮೈದಾನ, ಲೀಗ್, ಟಿವಿ ಎಲ್ಲ ಕೊಟ್ಟ ಮೇಲೆ 2022ರ ಮಹಿಳಾ ಯೂರೊ ಫುಟ್‌ಬಾಲ್ ಫೈನಲ್‌ಗೆ ಅದೇ ದೇಶದ ವೆಂಬ್ಲಿಯಲ್ಲಿ 87,192 ಜನ ಸೇರಿದರು. ನಮ್ಮಲ್ಲೂ ಅಷ್ಟೇ. ಬೆಂಗಳೂರಿನ ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ ಭಾರತದ ಮಹಿಳೆಯರು 1976ರಲ್ಲಿ ಪಟ್ನಾದಲ್ಲಿ ಮೊದಲ ಕ್ರಿಕೆಟ್ ಟೆಸ್ಟ್ ಗೆದ್ದಾಗ ಸಾವಿರಾರು ಜನ ನೋಡಿದ್ದರು. ಆ ಜನರಿಗೆ ಮುಂದಿನ ವರ್ಷ, ಅದರ ಮುಂದಿನ ವರ್ಷ ನೋಡಲು ಏನು ಸಿಕ್ಕಿತು ಎನ್ನುವುದೇ ಪ್ರಶ್ನೆ.

ನಿಮ್ಮ ಮಧ್ಯಾಹ್ನದ ಹೊತ್ತೂ ಒಂದು ಸಣ್ಣ ನಿಷೇಧವೇ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಗಂಟೆಯ ಬಿಸಿಲಲ್ಲಿ, ಶಾಮಿಯಾನ ಇನ್ನೂ ಅರ್ಧ ಹಾಕಿರುವಾಗ, ಮೈಕ್ ಟೆಸ್ಟಿಂಗ್ ನಡೆಯುತ್ತಿರುವಾಗ ಪುರುಷರ ಫೈನಲ್ ಇಟ್ಟರೂ ಜನ ಬರುವುದಿಲ್ಲ.

ಎರಡನೇ ನಂಬಿಕೆ, ‘ಗೆದ್ದರೆ ಸಾಕು, ಜನ ತಾನಾಗಿ ಬರುತ್ತಾರೆ’ ಎನ್ನುವುದು. ಕಬಡ್ಡಿಯಲ್ಲೇ ಇದಕ್ಕೆ ಉತ್ತರ ಇದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರ ಅಕ್ಟೋಬರ್ 7ರಂದು ನಮ್ಮ ಮಹಿಳೆಯರು ಚಿನ್ನ ಗೆದ್ದರು. ಅದು ಆ ಕೂಟದಲ್ಲಿ ಭಾರತದ 100ನೇ ಪದಕ. ಎಲ್ಲೆಡೆ ‘100’ ಎಂಬ ಅಂಕಿಯೇ ದೊಡ್ಡದಾಗಿ ಕಂಡಿತು. ಆದರೆ ಒಳಗಿನ ಆಟ ನೋಡಿ. ಮೊದಲ ಪಂದ್ಯದಲ್ಲೇ ಚೈನೀಸ್ ತೈಪೆ ಜೊತೆ 34-34 ಡ್ರಾ. ಅದೇ ತಂಡ ಮತ್ತೆ ಫೈನಲ್‌ನಲ್ಲಿ ಎದುರು. ಗೆದ್ದದ್ದು 26-25ರಲ್ಲಿ, ಒಂದೇ ಒಂದು ಪಾಯಿಂಟ್. ಇದರ ಹಿಂದೆ ಇನ್ನೂ ದೊಡ್ಡ ಕಥೆ ಇತ್ತು. 2018ರ ಜಕಾರ್ತದಲ್ಲಿ ಫೈನಲ್‌ನಲ್ಲಿ ಇರಾನ್ ನಮ್ಮನ್ನು 27-24ರಿಂದ ಸೋಲಿಸಿತ್ತು. ಆ ಇರಾನ್ ತಂಡದ ಕೋಚ್ ಯಾರು ಗೊತ್ತಾ? ಮಹಾರಾಷ್ಟ್ರದ ಶೈಲಜಾ ಜೈನ್. ನಮ್ಮ ಆಟ, ನಮ್ಮವರೇ ಕಲಿಸಿದ್ದು, ನಮಗೇ ಸೋಲು. ಐದು ವರ್ಷದ ನಂತರ ಚಿನ್ನ ವಾಪಸ್. ಇಂಥ ಸರಕನ್ನು ಪುರುಷರ ಕ್ರಿಕೆಟ್‌ನಲ್ಲಿ ವಾರಗಟ್ಟಲೆ ಅರೆಯುತ್ತಿದ್ದರು. ಇಲ್ಲಿ ‘ವನಿತೆಯರಿಗೆ ಚಿನ್ನ’ ಎಂದು ಮುಗಿಸಿದರು. ಗೆಲುವು ಒಂದು ದಿನದ ಸುದ್ದಿ. ಮುಂಚಿನ ಸೋಲಿನ ನೆನಪು ಇದ್ದವರಿಗೆ ಮಾತ್ರ ಅದು ರುಚಿ.

ಹಾಗಂತ ಕಥೆ ಚೆನ್ನಾಗಿ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಂದುಕೊಳ್ಳಬೇಡಿ. ನನ್ನ ವೃತ್ತಿಯವರು ಇದನ್ನು ಒಪ್ಪಿಕೊಳ್ಳುವುದು ಕಡಿಮೆ. ಬೆಂಗಳೂರಿನ ಅದಿತಿ ಅಶೋಕ್ ನೆನಪಿದ್ದಾರಲ್ಲ? 2021ರ ಆಗಸ್ಟ್ 7, ಟೋಕಿಯೊ ಒಲಿಂಪಿಕ್ಸ್. ಗಾಲ್ಫ್‌ನ ಗಂಧಗಾಳಿ ಇಲ್ಲದವರೂ ಅವತ್ತು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತರು. ಬರ್ಡಿ ಅಂದರೇನು ಅಂತ ಗೂಗಲ್ ಮಾಡಿದರು. ನಾಲ್ಕು ದಿನದ ಆಟ, ಅಮ್ಮನೇ ಕ್ಯಾಡಿ (ಗಾಲ್ಫ್ ಕೋಲುಗಳ ಚೀಲ ಹೊರುವ ಸಹಾಯಕಿ), ವಿಶ್ವದ ನಂಬರ್ ಒನ್ ಎದುರಿಗೆ 200ರ ಆಸುಪಾಸಿನ ರ‍್ಯಾಂಕಿನವಳು, ಪದಕ ಬರುತ್ತೋ ಇಲ್ಲವೋ. ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೇ ಸ್ಥಾನ. ನೋಡಲು ಆಟ ಗೊತ್ತಿರಬೇಕು ಅಂತಿಲ್ಲ, ಏನು ಪಣಕ್ಕಿದೆ ಅಂತ ಗೊತ್ತಿದ್ದರೆ ಸಾಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಆಮೇಲೆ? ಅದಿತಿ ಅಮೆರಿಕದ ವೃತ್ತಿಪರ ಮಹಿಳಾ ಗಾಲ್ಫ್ ಸರಣಿಯಾದ ಎಲ್‌ಪಿಜಿಎ ಟೂರ್‌ನಲ್ಲಿ ಆಡುತ್ತಲೇ ಇದ್ದರು. ಮುಂದಿನ ಟೂರ್ನಿ ಎಲ್ಲಿ, ಯಾವ ಚಾನೆಲ್‌ನಲ್ಲಿ ಎಂದು ಅವತ್ತು ನಿದ್ದೆಗೆಟ್ಟ ಎಷ್ಟು ಜನರಿಗೆ ಗೊತ್ತಿತ್ತು? ಬೆಂಕಿ ಹತ್ತಿತ್ತು, ಸೌದೆ ಹಾಕುವವರು ಇರಲಿಲ್ಲ. ಕಬಡ್ಡಿಯಲ್ಲೂ ಹೀಗೇ ಆಯಿತು. 2016ರಲ್ಲಿ ಪ್ರೊ ಕಬಡ್ಡಿ ಜೊತೆಗೆ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಟಿವಿಯಲ್ಲಿ ಕಾಣಿಸಿದರು. ಫೈನಲ್ ಒಂದು ಪಾಯಿಂಟ್ ಅಂತರದಲ್ಲಿ ಮುಗಿಯಿತು. ಮರುವರ್ಷ ಅದು ಇರಲೇ ಇಲ್ಲ.

ಇದಕ್ಕೆ ತಿರುಗುಮುರುಗು ಉದಾಹರಣೆ ಆರ್‌ಸಿಬಿಯ ಮಹಿಳಾ ತಂಡ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಕ್ರಿಕೆಟ್‌ನಲ್ಲಿ ಸ್ಮೃತಿ ಮಂದಾನ ನಾಯಕತ್ವದ ತಂಡ ಮೊದಲ ಐದು ಪಂದ್ಯವನ್ನೂ ಸೋತಿತು. ಜನ ಬೈದರು, ಮೀಮ್ ಮಾಡಿದರು. ಮುಖ್ಯ ವಿಷಯ ಏನಂದರೆ, ಬೈಯುವಷ್ಟು ಹಚ್ಚಿಕೊಂಡಿದ್ದರು. ಮರುವರ್ಷ ಮೊದಲ ಹಂತದ ಪಂದ್ಯಗಳು ಚಿನ್ನಸ್ವಾಮಿಯಲ್ಲೇ ನಡೆದವು. ಫೈನಲ್‌ನಲ್ಲಿ ಡೆಲ್ಲಿ ವಿಕೆಟ್ ಕಳೆದುಕೊಳ್ಳದೆ 64 ರನ್ ಹೊಡೆದಿತ್ತು. ಅಲ್ಲಿಂದ 113ಕ್ಕೆ ಆಲೌಟ್. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್. ಪುರುಷರ ತಂಡ ಕಪ್ ಎತ್ತಲು 2025ರ ಜೂನ್ ತನಕ ಕಾಯಬೇಕಾಯಿತು, ಹುಡುಗಿಯರು 2024ರ ಮಾರ್ಚ್‌ನಲ್ಲೇ ಎತ್ತಿದರು. ಆ ಗೆಲುವಿನ ಖುಷಿಗೆ ಹಿಂದಿನ ವರ್ಷದ ಐದು ಸೋಲುಗಳೇ ಹಾಕಿದ ಬಂಡವಾಳ. ಅದೇ ಬಣ್ಣ, ಅದೇ ತಂಡ, ಮುಂದಿನ ವರ್ಷವೂ ಇರುತ್ತದೆ ಎಂಬ ನಂಬಿಕೆ. ನಿಮ್ಮ ಪಂದ್ಯಾಟಕ್ಕೆ ಬೇಕಿರುವುದೂ ಇದೇ. ಮಹಿಳಾ ವಿಭಾಗವನ್ನು ‘ಈ ಸಲ ದುಡ್ಡಿದ್ದರೆ ನೋಡೋಣ’ ಅಂತ ಇಟ್ಟುಕೊಂಡರೆ ಯಾವ ಕಥೆಯೂ ಕೆಲಸ ಮಾಡುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರೋಣ. ನಾನು ಮೊದಲು ಮುಟ್ಟುವುದು ಇನ್‌ಸ್ಟಾಗ್ರಾಮನ್ನಲ್ಲ, ಮೈಕನ್ನು.

ಕರಾವಳಿಯ ಕಬಡ್ಡಿಯಲ್ಲಿ ವೀಕ್ಷಕ ವಿವರಣೆಗಾರರಿಗೆ ಇರುವ ಶಕ್ತಿ ಬೇರೆ ಕಡೆಯವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ರಾತ್ರಿ ಹನ್ನೆರಡಕ್ಕೂ ಜನರನ್ನು ಕೂರಿಸುವವರು ಅವರು. ಪುರುಷರ ಪಂದ್ಯದಲ್ಲಿ ಅವರ ಮಾತು ಗಮನಿಸಿ. ಆಟಗಾರನ ಹೆಸರು, ಊರು, ಅಡ್ಡಹೆಸರು, ಹೋದ ವಾರ ಯಾವ ಮೈದಾನದಲ್ಲಿ ಎಷ್ಟು ಪಾಯಿಂಟ್ ತಂದ, ಎದುರಿಗಿರುವ ಕಾರ್ನರ್ (ಅಂಕಣದ ಮೂಲೆ ಕಾಯುವ ಆಟಗಾರ) ಇವನನ್ನು ಹಿಂದೆ ಹೇಗೆ ಕೆಡವಿದ್ದ. ಈಗ ಹುಡುಗಿಯರ ಪಂದ್ಯ ಕೇಳಿ. ‘ಕೆಂಪು ಜೆರ್ಸಿಯ ಆಟಗಾರ್ತಿ ದಾಳಿಗೆ ಬಂದಿದ್ದಾರೆ, ಒಂದು ಅಂಕ.’ ಧ್ವನಿಯಲ್ಲಿ ಏರಿಳಿತವೇ ಇಲ್ಲ. ಮೈದಾನದಲ್ಲಿ ಕೂತವನಿಗೆ ಇದು ಮುಖ್ಯವಲ್ಲದ ಪಂದ್ಯ ಅಂತ ಕಿವಿಯೇ ಹೇಳಿಬಿಡುತ್ತದೆ. ಅಮೆರಿಕದ ಸಂಶೋಧಕರು 1989ರಿಂದ ಐದೈದು ವರ್ಷಕ್ಕೊಮ್ಮೆ ಅಲ್ಲಿನ ಟಿವಿ ಕ್ರೀಡಾ ಸುದ್ದಿಯನ್ನು ಅಳೆಯುತ್ತಾ ಬಂದಿದ್ದಾರೆ. ಮಹಿಳೆಯರ ಪಾಲು 2019ರಲ್ಲೂ ಶೇ 5ರ ಆಸುಪಾಸಿನಲ್ಲೇ ಇತ್ತು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವರ ಇನ್ನೊಂದು ಮಾತು. ಮೊದಲಿನ ಹಾಗೆ ಹುಡುಗಿಯರನ್ನು ಗೇಲಿ ಮಾಡುವುದು ಕಡಿಮೆಯಾಗಿದೆ, ಅದರ ಜಾಗಕ್ಕೆ ಸಪ್ಪೆ ವರದಿ ಬಂದಿದೆ ಅಂತ. ಗೌರವ ಇದೆ, ಉತ್ಸಾಹ ಇಲ್ಲ.

ವಿವರಣೆಗಾರರಿಗೆ ಉತ್ಸಾಹ ಇಲ್ಲ ಎಂದಲ್ಲ, ಅವರ ಕೈಯಲ್ಲಿ ಮಾಹಿತಿ ಇಲ್ಲ. ಆದ್ದರಿಂದ ಪ್ರತಿ ಮಹಿಳಾ ತಂಡದಿಂದ ಒಂದು ಹಾಳೆ ಮೊದಲೇ ತರಿಸಿಕೊಳ್ಳಿ. ಹೆಸರನ್ನು ಹೇಗೆ ಉಚ್ಚರಿಸಬೇಕು, ಯಾವ ಸ್ಥಾನದಲ್ಲಿ ಆಡುತ್ತಾಳೆ, ಅವಳ ಅಸ್ತ್ರ ಯಾವುದು, ಹಿಂದಿನ ಪಂದ್ಯಾಟದಲ್ಲಿ ಏನಾಯಿತು, ಈ ಎದುರಾಳಿ ಜೊತೆ ಹಿಂದೆ ಆಡಿದ್ದಾಳಾ. ಇಷ್ಟೇ ಸಾಕು. ಅಪ್ಪನ ಕೆಲಸ, ಮನೆಯ ಸ್ಥಿತಿ ಬೇಡ. ತಂಡದವರು ಬರೆದುಕೊಡದಿದ್ದರೆ ನಿಮ್ಮ ಹುಡುಗರೊಬ್ಬರು ಫೋನ್ ಮಾಡಿ ಬರೆದುಕೊಳ್ಳಲಿ. ಅಡ್ಡಹೆಸರು ಇಡುವುದಿದ್ದರೆ ಹುಡುಗಿಯನ್ನು ಕೇಳಿಯೇ ಇಡಿ. ಮೈಕ್‌ನಲ್ಲಿ ಒಮ್ಮೆ ಬಂದ ಹೆಸರು ಕಾಲೇಜಿನ ತನಕ ಹಿಂದೆ ಬರುತ್ತದೆ.

ಆಟದ ವ್ಯತ್ಯಾಸವನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ನಿಯಮದ ಪ್ರಕಾರ ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಮತ್ತು 8. ಅಂದರೆ ರೈಡರ್‌ಗೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ, ಎರಡೂ ಕಾರ್ನರ್‌ನವರು ಹತ್ತಿರ. ಡಿಫೆಂಡರ್‌ಗಳ ಜೋಡಿ ಆಟ ನೋಡುವುದಕ್ಕೆ ಇದು ಒಳ್ಳೆಯ ಜಾಗ. ವಿವರಣೆಗಾರರು ಇದನ್ನು ಒಮ್ಮೆ ಹೇಳಿದರೆ ಜನರ ಕಣ್ಣು ಸರಿಯಾದ ಕಡೆ ಹೋಗುತ್ತದೆ.

ಇನ್ನು ಸಮಯ. ನಿಮ್ಮ ಮುಂದೆ ಮೂರು ದಾರಿ ಇವೆ, ಮೂರರಲ್ಲೂ ತೊಂದರೆ ಇದೆ. ಮಹಿಳಾ ಫೈನಲ್‌ನ್ನು ಪುರುಷರ ಸೆಮಿಫೈನಲ್ ಮತ್ತು ಫೈನಲ್ ನಡುವೆ ಇಟ್ಟರೆ ತುಂಬಿದ ಮೈದಾನ ಸಿಗುತ್ತದೆ. ಆದರೆ ನಮ್ಮ ಪಂದ್ಯಾಟಗಳ ಸಮಯಪಾಲನೆ ನಿಮಗೇ ಗೊತ್ತು. ಹತ್ತಕ್ಕೆ ಅಂದದ್ದು ಒಂದೂವರೆಗೆ ಆಗುತ್ತದೆ. ಆ ಹೊತ್ತಲ್ಲಿ ಹುಡುಗಿಯರು ಮನೆಗೆ ಹೋಗುವುದು ಹೇಗೆ? ಮುಂದಿನ ವರ್ಷ ಹೆತ್ತವರು ಕಳಿಸುವುದಿಲ್ಲ. ಮಹಿಳೆಯರಿಗೇ ಬೇರೆ ದಿನ ಇಡುವುದು ಗೌರವದ ದಾರಿ, ಆದರೆ ಜನ ಬರುವ ಅಭ್ಯಾಸ ಇನ್ನೂ ಇಲ್ಲದ ಕಡೆ ಆ ದಿನ ಖಾಲಿ ಹೊಡೆಯುವ ಭಯ ಇದೆ. ಮ್ಯಾಟ್, ಲೈಟ್ ಬಾಡಿಗೆಯೂ ಇನ್ನೊಂದು ದಿನದ್ದು ಬೀಳುತ್ತದೆ. ನನ್ನ ಆಯ್ಕೆ ಸಂಜೆ ಏಳರಿಂದ ಎಂಟೂವರೆ. ಲೈಟ್ ಹಾಕಿರುತ್ತಾರೆ, ಜನ ಬರುತ್ತಿರುತ್ತಾರೆ, ಹೆಂಗಸರು ಮಕ್ಕಳು ಇನ್ನೂ ಇರುತ್ತಾರೆ, ಚುರುಮುರಿ ಅಂಗಡಿಯವನೂ ಬಂದಿರುತ್ತಾನೆ. ಒಂದು ಷರತ್ತು ಮಾತ್ರ ಬಿಡಬೇಡಿ: ಮಹಿಳಾ ಫೈನಲ್ ಸಭಾ ಕಾರ್ಯಕ್ರಮಕ್ಕಿಂತ ಮುಂಚೆ ಮುಗಿಯಬೇಕು. ಅತಿಥಿಗಳ ಭಾಷಣ ಎಲ್ಲಿಗೆ ಎಳೆಯುತ್ತದೆ ಅಂತ ಯಾರೂ ಹೇಳಲಾರರು.

ಇಷ್ಟಾದ ಮೇಲೆ ವಿಡಿಯೊ. ಪಂದ್ಯಾಟಕ್ಕೆ ಎರಡು ಮೂರು ವಾರ ಇರುವಾಗ ಶುರು ಮಾಡಿ. ಒಬ್ಬಳ ಇಡೀ ಜೀವನ ಒಂದೇ ವಿಡಿಯೊದಲ್ಲಿ ತುರುಕಬೇಡಿ. ಚಿಕ್ಕ ಚಿಕ್ಕದಾಗಿ, ಹಲವರದ್ದು ಮಾಡಿ. ಆಟಗಾರ್ತಿಗೆ ‘ನಿಮ್ಮ ಕಷ್ಟ ಹೇಳಿ’ ಎಂದು ಕೇಳುವ ಬದಲು ಹೀಗೆ ಕೇಳಿ: ಯಾರು ಹಿಡಿದರೆ ನಿನಗೆ ಜಾಸ್ತಿ ಸಿಟ್ಟು? ಅಂಕ ತರಲೇಬೇಕಾದ ಡೂ ಆರ್ ಡೈ ರೈಡ್‌ಗೆ ಹೋಗುವಾಗ ಮೊದಲು ಯಾರನ್ನು ನೋಡುತ್ತೀ? ಬೋನಸ್ ಗೆರೆಗೆ (ದಾಟಿದರೆ ಹೆಚ್ಚುವರಿ ಅಂಕ ಸಿಗುವ ಗೆರೆ) ಕಾಲು ಹಾಕುವ ಧೈರ್ಯ ಯಾವಾಗ ಬರುತ್ತದೆ? ಕವರ್‌ನಲ್ಲಿ (ಕಾರ್ನರ್‌ನ ಪಕ್ಕದ ಒಳಸ್ಥಾನ) ನಿಂತವಳು ಡ್ಯಾಶ್ ಮಾಡಲು (ಮೈಯಿಂದ ಗುದ್ದಿ ಹೊರಗೆ ತಳ್ಳಲು) ಬರುತ್ತಿದ್ದಾಳೆ ಅಂತ ಹೇಗೆ ಗೊತ್ತಾಗುತ್ತದೆ? ಆಡುವವರು ಇಂಥ ಪ್ರಶ್ನೆಗೆ ಅರಳುತ್ತಾರೆ. ಕ್ಯಾಮೆರಾ ಕಂಡರೆ ತಲೆ ತಗ್ಗಿಸುವ ಹುಡುಗಿಯೂ ಎದ್ದು ನಿಂತು ತೋರಿಸುತ್ತಾಳೆ.

ಆಮೇಲೆ ಬರೆಯುವುದು ಸುಲಭ. ‘ಹೋದ ಪಂದ್ಯಾಟದ ಸೆಮಿಫೈನಲ್. ಒಂದು ಪಾಯಿಂಟ್ ಹಿಂದೆ, ಕೊನೆಯ ರೈಡ್. ಎಡ ಕಾರ್ನರ್‌ನವಳು ಪಾದ ಹಿಡಿದಳು, ಬಿಡಲಿಲ್ಲ. ಶನಿವಾರ ಏಳು ಗಂಟೆಗೆ ಇಬ್ಬರೂ ಮತ್ತೆ ಎದುರುಬದುರು.’ ಇಷ್ಟು ಓದಿದವನಿಗೆ ಬಡತನದ ಸುದ್ದಿ ಬೇಕಿಲ್ಲ. ಅವನಿಗೆ ಒಂದು ದಿನ, ಒಂದು ಸಮಯ, ಒಂದು ಹಳೇ ಲೆಕ್ಕ ಸಿಕ್ಕಿತು.

ಪೈಪೋಟಿಯ ಕಥೆಗೆ ಒಂದು ಅಪಾಯ ಇದೆ, ಮೊದಲೇ ಹೇಳಿಬಿಡುತ್ತೇನೆ. ಊರು-ಊರಿನ ಜಗಳ, ಜಾತಿಯ ಮಾತು ಕಮೆಂಟಿನಲ್ಲಿ ನುಗ್ಗುತ್ತದೆ. ಇಬ್ಬರು ಆಟಗಾರ್ತಿಯರನ್ನೂ ಕೇಳಿ, ಇಬ್ಬರ ಮಾತನ್ನೂ ಹಾಕಿ, ಆಟದ ಒಳಗಿನ ಲೆಕ್ಕಕ್ಕೇ ನಿಲ್ಲಿಸಿ.

ಒಬ್ಬಳೇ ತಾರೆಯನ್ನು ಎತ್ತಿ ಹಿಡಿಯುವುದರಲ್ಲೂ ಅಪಾಯ ಇದೆ. ಕೆಲಸ ಬೇಗ ಆಗುತ್ತದೆ ನಿಜ. ಅಮೆರಿಕದಲ್ಲಿ ಕೈಟ್ಲಿನ್ ಕ್ಲಾರ್ಕ್ ಆಡಿದ 2024ರ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್‌ನ್ನು ಸುಮಾರು 1.9 ಕೋಟಿ ಜನ ನೋಡಿದರು. ಪುರುಷರ ಫೈನಲ್ ನೋಡಿದವರು ಸುಮಾರು 1.5 ಕೋಟಿ. ಮರುವರ್ಷ ಕ್ಲಾರ್ಕ್ ಇಲ್ಲದ ಫೈನಲ್‌ಗೆ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹಳೆಯ ವರ್ಷಗಳಿಗೆ ಹೋಲಿಸಿದರೆ ಅದೂ ದೊಡ್ಡದೇ, ಅಂದರೆ ಒಂದಷ್ಟು ಜನ ಉಳಿದರು. ನಿಮ್ಮಲ್ಲಿ ಆ ಒಬ್ಬಳಿಗೆ ಮಂಡಿ ನೋವು ಬಂದರೆ, ಪರೀಕ್ಷೆ ಬಂದರೆ, ಮದುವೆಯಾಗಿ ಬೇರೆ ಊರಿಗೆ ಹೋದರೆ? ಜೊತೆಗೆ ತಂಡದೊಳಗೆ ಮುನಿಸು. ರೈಡರ್ ಜೊತೆ ಒಬ್ಬ ಡಿಫೆಂಡರ್, ನಿಮ್ಮ ತಂಡದವಳ ಜೊತೆ ಎದುರಾಳಿ ತಂಡದವಳು, ಹೀಗೆ ಹಂಚಿ.

ಈಗ ಆ ತಂದೆಯ ವಿಷಯ. ಅವರು ಹೇಳಿದ್ದು ಸರಿ. ವಿಡಿಯೊ ತೆಗೆದುಹಾಕಿ, ಅವರ ಮನೆಗೇ ಹೋಗಿ ಮಾತಾಡಿ, ಫೋನಿನಲ್ಲಿ ಮುಗಿಸಬೇಡಿ. ಬೀಡಿ ಕಟ್ಟುವುದು ಅವರಿಗೆ ನಾಚಿಕೆಯ ಕೆಲಸ ಅಲ್ಲ. ಊರೆಲ್ಲ ಅದನ್ನು ನೋಡಿ ಮರುಗುವುದು ಅವರಿಗೆ ಬೇಡ, ಅಷ್ಟೇ.

ಬದುಕಿನ ಕಥೆ ಹೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದು ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ. 2025ರ ಮಹಿಳಾ ಏಕದಿನ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 339 ರನ್ ಬೆನ್ನಟ್ಟುವಾಗ ಜೆಮಿಮಾ ರಾಡ್ರಿಗಸ್ 127 ಹೊಡೆದು ಔಟಾಗದೆ ಉಳಿದರು. ಆ ಟೂರ್ನಿಯಲ್ಲೇ ಒಂದು ಪಂದ್ಯಕ್ಕೆ ಅವರನ್ನು ಕೈಬಿಟ್ಟಿದ್ದರು. ಗೆದ್ದ ಮೇಲೆ ತಾವೇ ಬಾಯಿಬಿಟ್ಟು, ಆತಂಕದಿಂದ ಒದ್ದಾಡಿದ್ದನ್ನು, ಅತ್ತದ್ದನ್ನು ಹೇಳಿಕೊಂಡರು. ಯಾವಾಗ, ಎಷ್ಟು ಹೇಳಬೇಕು ಎಂದು ತೀರ್ಮಾನಿಸಿದ್ದು ಅವರೇ. ಜನ ಅದನ್ನು ಆ ಇನಿಂಗ್ಸ್ ಜೊತೆ ಸೇರಿಸಿ ಕೇಳಿದರು, ಅದಕ್ಕೇ ಅದು ಬರೀ ಮರುಕವಾಗಿ ಮುಗಿಯಲಿಲ್ಲ.

ನಿಮ್ಮ ಆಟಗಾರ್ತಿಯರಲ್ಲಿ ಹಲವರು 18 ದಾಟಿರುವುದಿಲ್ಲ. ಅವರ ವಿಡಿಯೊಗೆ ಹೆತ್ತವರ ಒಪ್ಪಿಗೆ ಬೇಕು, ಹುಡುಗಿಯ ಒಪ್ಪಿಗೆಯೂ ಬೇಕು. ಅಪ್ಪ ಹೂಂ ಅಂದರು ಅಂತ ಮಗಳನ್ನು ಕೇಳದೆ ಇರಬೇಡಿ. ಹಾಕುವ ಮುಂಚೆ ಇಬ್ಬರಿಗೂ ತೋರಿಸಿ. ಮನೆ, ಶಾಲೆಯ ಹೆಸರು, ಹಾಸ್ಟೆಲ್, ಪ್ರತಿದಿನ ಅಭ್ಯಾಸಕ್ಕೆ ಹೋಗುವ ಸಮಯ ಇವು ವಿಡಿಯೊದಲ್ಲಿ ಬರಬಾರದು. ಕಬಡ್ಡಿಗೆ ವಿಶೇಷವಾಗಿ ಒಂದು ಮಾತು. ಟ್ಯಾಕಲ್ ಆಗುವ ಕ್ಷಣದ ಫೋಟೊಗಳಲ್ಲಿ ಕೆಲವು ಕೆಟ್ಟ ಕೋನದಲ್ಲಿ ಬಂದಿರುತ್ತವೆ, ಅವನ್ನೇ ಹುಡುಕಿ ಹಂಚುವವರಿದ್ದಾರೆ. ಫೋಟೊಗ್ರಾಫರ್ ಎಲ್ಲವನ್ನೂ ಗ್ರೂಪಿಗೆ ಸುರಿಯದಿರಲಿ. ತಂಡದ ಹಿರಿಯ ಆಟಗಾರ್ತಿಯೊಬ್ಬರು ನೋಡಿ ಆರಿಸಿದ ಮೇಲೆ ಹೊರಗೆ ಹೋಗಲಿ.

ಕೆಟ್ಟ ಕಮೆಂಟಿಗೆ ಉತ್ತರ ಕೊಡುತ್ತಾ ಕೂರಬೇಡಿ. ಕೆಟ್ಟ ಶಬ್ದಗಳನ್ನು ಮೊದಲೇ ತಡೆಯುವ ಸೆಟ್ಟಿಂಗ್ ಇದೆ. ಅದರಲ್ಲಿ ತುಳು, ಕನ್ನಡದ ಬೈಗುಳಗಳನ್ನು ನೀವೇ ಸೇರಿಸಬೇಕು, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ಮೊದಲ ಎರಡು ಗಂಟೆ ಒಬ್ಬರು ಕಣ್ಣಿಟ್ಟಿರಲಿ. ಫೋಟೊ ತಿರುಚಿ ಹಂಚಿದರೆ ಅಥವಾ ಬೆದರಿಕೆ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ಹೇಳಿ. ಮಹಿಳೆಯರು, ಮಕ್ಕಳ ಅಶ್ಲೀಲ ಚಿತ್ರದ ವಿಷಯದಲ್ಲಿ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಪೋಸ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪುರುಷರ ಬಹುಮಾನ ದೊಡ್ಡ ಅಕ್ಷರದಲ್ಲಿ, ಕೆಳಗೆ ಮೂಲೆಯಲ್ಲಿ ‘ಮಹಿಳಾ ವಿಭಾಗವೂ ಇದೆ’ ಎಂದು ಹಾಕಿದರೆ ಜನ ಅದನ್ನು ಹಾಗೆಯೇ ಓದುತ್ತಾರೆ. ಬಿಸಿಸಿಐ 2022ರ ಅಕ್ಟೋಬರ್‌ನಲ್ಲಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಎಂದು ಘೋಷಿಸಿತು, ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ನಿಮ್ಮಿಂದ ಸಮಾನ ಬಹುಮಾನ ಈ ವರ್ಷವೇ ಆಗದಿರಬಹುದು. ಇಬ್ಬರು ಆಟಗಾರ್ತಿಯರ ಫೋಟೊ ಪೋಸ್ಟರ್‌ನ ಮೇಲರ್ಧದಲ್ಲಿ ಹಾಕಲು ಖರ್ಚಿಲ್ಲ.

ಕೊನೆಗೆ ಡ್ಯಾನ್ಸ್ ರೀಲ್ಸ್. ಹುಡುಗಿಯರಿಗೆ ಇಷ್ಟ ಇದ್ದರೆ ಅವರ ಪೇಜಿನಲ್ಲಿ ಅವರು ಕುಣಿಯಲಿ, ಅದರಲ್ಲಿ ತಪ್ಪೇನೂ ಇಲ್ಲ. ಪ್ರಾಯೋಜಕತ್ವದ ಷರತ್ತಾಗಿ ಮಾಡಿಸಬೇಡಿ. ಕುಣಿತ ನೋಡಿ ಬಂದ ಫಾಲೋವರ್‌ಗಳು ಮಹಾರಾಷ್ಟ್ರದಲ್ಲೋ ಬಿಹಾರದಲ್ಲೋ ಇರುತ್ತಾರೆ, ನಿಮ್ಮ ಮೈದಾನಕ್ಕೆ ಬರುವುದಿಲ್ಲ. ಪ್ರಾಯೋಜಕರ ಅಂಗಡಿಗೂ ಬರುವುದಿಲ್ಲ. ಇದನ್ನು ಅವರಿಗೆ ಹೀಗೇ ಹೇಳಿ, ವ್ಯಾಪಾರಸ್ಥರಿಗೆ ಬೇಗ ಅರ್ಥ ಆಗುತ್ತದೆ. ಬದಲಿಗೆ ಅವರ ಹೆಸರಿನಲ್ಲಿ ‘ಉತ್ತಮ ಡಿಫೆಂಡರ್’ ಬಹುಮಾನ ಇಡಿ, ಮೂವರು ಅಥವಾ ಅದಕ್ಕಿಂತ ಕಡಿಮೆ ಡಿಫೆಂಡರ್‌ಗಳೇ ರೈಡರ್‌ನ್ನು ಹಿಡಿಯುವ ಪ್ರತಿ ಸೂಪರ್ ಟ್ಯಾಕಲ್‌ಗೆ ಮೈಕ್‌ನಲ್ಲಿ ಅವರ ಅಂಗಡಿ ಹೆಸರು ಬರಲಿ, ಏಳೂವರೆಯ ತುಂಬಿದ ಮೈದಾನದಲ್ಲಿ ಅವರೇ ಬಂದು ಕಪ್ ಕೊಡಲಿ. ಒಪ್ಪದಿದ್ದರೆ ಅವರ ಹಣ ಬಿಟ್ಟುಬಿಡಿ. ಮ್ಯಾಟ್, ಲೈಟ್, ಮೈಕ್ ಹೇಗೂ ಪುರುಷರ ವಿಭಾಗಕ್ಕೆ ಬಂದಿರುತ್ತದೆ. ಹೆಚ್ಚಿಗೆ ಬೇಕಿರುವುದು ಹುಡುಗಿಯರ ಊಟ, ಗಾಡಿ ಬಾಡಿಗೆ, ಬಹುಮಾನ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆಯನ್ನೂ ಮರೆಯಬೇಡಿ, ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ತರಗತಿ ತೆಗೆಸಿಕೊಳ್ಳಿ. ಇಷ್ಟಕ್ಕೆ ಊರಿನ ಹತ್ತು ಮಂದಿ ಚಿಕ್ಕ ದಾನಿಗಳು ಸಾಕು, ಅವರು ತಮ್ಮ ಮನೆಯವರನ್ನೂ ಪಂದ್ಯ ನೋಡಲು ಕರೆತರುತ್ತಾರೆ.